ಪೈಪು ಎಲ್ಲಿಂದ ಬರ್ತದೆ

ಗೋದಾವರಮ್ಮನವರು ಯಾವ ಮನೆಗೆ ಅಡುಗೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮೂಸಿ ನೋಡುವುದು. ಎಣ್ಣೆಯ ಡಬ್ಬಿಯನ್ನು ತೆರೆದು ಮೂಸುವರು, ತುಪ್ಪದ ಭರಣಿಯನ್ನು ಮೂಸುವರು, ಬಾವಿಯಿಂದ ಆಗತಾನೇ ಸೇದಿ ತಂದ ನೀರಿಗೂ ಕೊಡದ ಬಾಯಿಯಲ್ಲಿ ಮೂಗಿಟ್ಟು ನೋಡುವರು. ಬೇಳೆ ಯಾರ ಅಂಗಡಿಯದು, ಕಟ್ಟಿ ಕೊಟ್ಟ ಚೀಲ ಹೊಸದೋ ಹಳೆಯದೋ, ಹಳೆಯದಾದರೆ ಮೊದಲು ಅದರಲ್ಲಿ ಏನಿತ್ತು ಎಂದು ಮನೆಯೊಡತಿಯನ್ನು ವಿಚಾರಿಸುವರು. ಸಕ್ಕರೆಯನ್ನಂತೂ ಶ್ರಾದ್ಧದ ಅಡುಗೆಗೆ ಮುಟ್ಟುತ್ತಲೇ ಇರಲಿಲ್ಲ. ಕಬ್ಬಿನ ಹಾಲು ಅಷ್ಟು ಬೆಳ್ಳಗಾಗಬೇಕಾದರೆ ಅದಕ್ಕೆ ಯಾರೋ ಏನನ್ನೋ ಮಾಡಿರಲೇಬೇಕು ಎಂಬುದು ಅವರ ವಾದ. ಬೆಲ್ಲವಾದರೆ ತನ್ನ ಬಣ್ಣವನ್ನು ಮರೆಮಾಚುವುದಿಲ್ಲವಲ್ಲ.

ಇಷ್ಟೊಂದು ಅನುಮಾನದ ಹೆಂಗಸನ್ನು ಜನ ಕರೆಯುವುದನ್ನೇ ಬಿಟ್ಟುಬಿಡಬೇಕಿತ್ತು. ಆದರೆ ಆದದ್ದು ಬೇರೆ. ಎಪ್ಪತ್ತರ ದಶಕದಲ್ಲಿ ಶೃಂಗೇರಿಯ ಸುತ್ತಮುತ್ತ, ಇತ್ತ ಅಡ್ಡಗದ್ದೆ, ಅತ್ತ ಕಮ್ಮರಡಿ, ಕೊಪ್ಪದವರೆಗೂ, ತಂದೆತಾಯಿಯರ ತಿಥಿ ಬಂತೆಂದರೆ ಜನ ಮೊದಲು ಅವರನ್ನು ಕೇಳಿಕೊಂಡು ಆಮೇಲೆ ಪುರೋಹಿತರಲ್ಲಿಗೆ ಹೋಗುತ್ತಿದ್ದರು. ಅದಕ್ಕೆ ಕಾರಣವಿತ್ತು. ಶ್ರಾದ್ಧದ ಅಡುಗೆಯನ್ನು ಬಡಿಸುವುದಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚಾಯಿತೇ, ಹುಳಿ ಕಡಿಮೆಯಾಯಿತೇ ಎಂದು ನಾಲಿಗೆಯ ಮೇಲೆ ಒಂದು ಹನಿ ಇಟ್ಟುಕೊಂಡರೂ ಅದು ಎಂಜಲು. ಮೊದಲ ತುತ್ತು ಹೋಗಬೇಕಾದದ್ದು ಕಣ್ಣಿಗೆ ಕಾಣದವರಿಗೆ. ನಾಲಿಗೆಯಿಂದ ಪರೀಕ್ಷೆ ಮಾಡಲಾಗದವರು ಮೂಗಿನಿಂದ, ಕಣ್ಣಿನಿಂದ, ಪ್ರಶ್ನೆಗಳಿಂದ ಪರೀಕ್ಷೆ ಮಾಡದೆ ಇನ್ನೇನು ಮಾಡಿಯಾರು? ಗೋದಾವರಮ್ಮನವರ ಕೈಯ ಅಡುಗೆಯೆಂದರೆ ಅದರೊಳಗೆ ಸೇರಿದ ಪ್ರತಿಯೊಂದಕ್ಕೂ ಅವರು ಜವಾಬು ಹೇಳಬಲ್ಲರು ಎಂದು ಅರ್ಥ.

ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅತ್ತೆಯೂ ತಿಥಿಯ ಅಡುಗೆಯವರೇ. ಆಕೆ ಸೊಸೆಗೆ ಬಿಟ್ಟುಹೋದದ್ದು ಶೃಂಗೇರಿಯ ಒಂದು ಓಣಿಯಲ್ಲಿ ಒಂದು ಕೋಣೆ, ಹಿತ್ತಾಳೆಯ ಎರಡು ಸೌಟು ಮತ್ತು ಈ ವಿದ್ಯೆ. ಅದರ ಮೇಲೆ ಬೇರೇನಾದರೂ ಬೇಕು ಎಂದು ಗೋದಾವರಮ್ಮನವರಿಗೆ ಅನ್ನಿಸಿದ್ದೇ ಇಲ್ಲ. ಉಡಲು ಎರಡು ಮಡಿಸೀರೆ, ಬೆಳಗ್ಗೆ ಹೊಳೆಯಲ್ಲಿ ಸ್ನಾನ, ಒಂದು ಲೋಟ ಕಾಫಿ. ಕೆಲಸವಿಲ್ಲದ ದಿನ ಜಗಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ ಹೋಗಿಬರುವವರನ್ನು ಅನುಮಾನದಿಂದ ನೋಡುವುದು. ಅವರು ಸುಖವಾಗಿದ್ದರು.

ಅವರಷ್ಟೇ ಅನುಮಾನದ ಇನ್ನೊಬ್ಬರು ಇದ್ದದ್ದು ಅಡ್ಡಗದ್ದೆಯಲ್ಲಿ. ಗಜಾನನನ ತಾಯಿ ಸುಬ್ಬಮ್ಮ. ಇಬ್ಬರೂ ಸೇರಿದರೆ ಹುಣಿಸೆಹಣ್ಣನ್ನು ಎರಡೆರಡು ಸಲ ತೊಳೆಯುವರು, ಆಮೇಲೆ ತೊಳೆದ ನೀರಿನ ಮೇಲೆ ಅನುಮಾನಪಡುವರು. ಸುಬ್ಬಮ್ಮ ಕಾಯಿಲೆ ಮಲಗಿದಾಗ ಗೋದಾವರಮ್ಮ ಹೋಗಿ ಪಕ್ಕದಲ್ಲಿ ಕುಳಿತಿದ್ದರು. ಸುಬ್ಬಮ್ಮ ಅವರ ಕೈ ಹಿಡಿದುಕೊಂಡು, ತನ್ನ ತಿಥಿಗೆ ಬೇರೆ ಯಾರ ಕೈಯಲ್ಲೂ ಅಡುಗೆ ಮಾಡಿಸಬಾರದೆಂದು ಮಾತು ತೆಗೆದುಕೊಂಡರು.

"ನೀನು ಮಾಡಿದ್ದಾದ್ರೆ ನಂಬಿ ಉಣ್ತೀನಿ ಕಣೇ ಗೋದಾ," ಎಂದರು. "ಬೇರೆಯವರು ಮಾಡಿದ್ರೆ ಅಲ್ಲಿಂದ್ಲೂ ನಾನು ಎದ್ದುಹೋಗ್ತೀನಿ."

ಸುಬ್ಬಮ್ಮ ಹೇಳಿದ್ದನ್ನು ಮಾಡುವ ಹೆಂಗಸೇ. ಎಲೆ ಬಿಟ್ಟು ಎದ್ದುಹೋಗುವುದು ಅವರಿಗೆ ಬದುಕಿದ್ದಾಗಲೂ ಅಭ್ಯಾಸವಿತ್ತು. ಆದ್ದರಿಂದ ಪ್ರತಿವರ್ಷ ಮಾಘಮಾಸದಲ್ಲಿ ಗೋದಾವರಮ್ಮ ತಿಥಿಯ ಹಿಂದಿನ ಸಂಜೆಯೇ ಅಡ್ಡಗದ್ದೆಗೆ ಹೋಗಿ, ಮಣ್ಣಿನ ಕೋಡೊಲೆಯನ್ನು ಸಾರಿಸಿ, ರಂಗೋಲಿಯೆಳೆದು, ಸೌದೆಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಜೋಡಿಸಿ ಮಲಗುತ್ತಿದ್ದರು.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಆ ವರ್ಷ ಹೋಗಿ ನೋಡುವಾಗ ಕೋಡೊಲೆ ಇದ್ದ ಜಾಗದಲ್ಲಿ ಕಡಪದ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಎರಡು ಕಣ್ಣಿನ ಕಬ್ಬಿಣದ ಒಲೆ. ಗೋಡೆಯನ್ನು ತೂತುಮಾಡಿಕೊಂಡು ಒಳಗೆ ಬಂದ ಒಂದು ಪೈಪು.

ಗಜಾನನ ಬಿ.ಎಸ್ಸಿ. ಓದಿದವನು. ಊರಿಗೆ ಮೊದಲು ಬಂದ ಟ್ರಾನ್ಸಿಸ್ಟರ್, ಮೊದಲು ಬಂದ ಪವರ್ ಸ್ಪ್ರೇಯರ್ ಎಲ್ಲವೂ ಅವನ ಮನೆಯವೇ. ಬೆಳೆಗಾರರ ಸೊಸೈಟಿಯ ಸಭೆಯಲ್ಲಿ ಎದ್ದುನಿಂತು, ನಾವು ಇನ್ನೂ ಎಷ್ಟು ದಿನ ಊದುಕೊಳವೆ ಊದುತ್ತ ಕೂರುವುದು ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಅವನು ಗೋದಾವರಮ್ಮನವರನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಗೋಬರ್ ಗ್ಯಾಸಿನ ಗುಂಡಿಯನ್ನು ತೋರಿಸಿದ. ನೆಲದೊಳಗೆ ಇಟ್ಟಿಗೆಯ ಬಾವಿ, ಅದರಲ್ಲಿ ಸಗಣಿಯ ಬಗ್ಗಡ, ಬಗ್ಗಡದ ಮೇಲೆ ಬೋರಲು ಹಾಕಿದ ಭಾರೀ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದಾಗ ಡ್ರಮ್ಮು ಮೇಲಕ್ಕೇಳುತ್ತದೆ, ಅಡುಗೆ ಮಾಡಿದಂತೆಲ್ಲ ಕೆಳಗಿಳಿಯುತ್ತದೆ. ಉಂಡವರ ಹೊಟ್ಟೆಯ ಹಾಗಿದೆ ಎಂದುಕೊಂಡ ಗೋದಾವರಮ್ಮ ಅದರಿಂದ ಎರಡು ಹೆಜ್ಜೆ ದೂರ ನಿಂತರು.

ಸಗಣಿ ಎಂಬ ಮಾತಿಗೆ ಅವರ ತಕರಾರಿರಲಿಲ್ಲ. ಸಗಣಿಯಿಂದಲೇ ಅಲ್ಲವೇ ಒಲೆಯನ್ನು ಸಾರಿಸುವುದು. ಪಂಚಗವ್ಯವನ್ನು ಬಾಯಿಗೇ ಹಾಕಿಕೊಳ್ಳುತ್ತೇವಲ್ಲ ಎಂದು ಗಜಾನನ ಹೇಳಿದಾಗ ಅದನ್ನೂ ಒಪ್ಪಿದರು. ಮರುದಿನ ಮಡಿಯುಟ್ಟು, ಕಬ್ಬಿಣದ ಒಲೆಯ ಕಾಲಿಗೇ ರಂಗೋಲಿ ಹಾಕಿ ಕಡ್ಡಿ ಗೀರಿದರು. ನೀಲಿ ಉರಿ ಎದ್ದಿತು. ಅದು ಸಣ್ಣಗೆ ಬುಸುಗುಡುತ್ತಲೇ ಇತ್ತು. ಒಲೆ ಕೂಗಿದರೆ ನೆಂಟರು ಬರುತ್ತಾರೆಂಬ ನಂಬಿಕೆಯಲ್ಲಿ ಬೆಳೆದವರಿಗೆ ಅದೊಂದು ಕಿರಿಕಿರಿ. ಗಜಾನನನ ಹೆಂಡತಿ ತ್ರಿಪುರಸುಂದರಿ ಬಾಳೆಲೆ ಒರೆಸುತ್ತ ಹೊಸ್ತಿಲಾಚೆ ಕುಳಿತಿದ್ದಳು. ಅವಳಿಗೆ ಹೇಳಿದರು, "ಇದು ಬೆಳಗಿಂದ ಕೂಗ್ತಾನೇ ಇದೆ ಮಾರಾಯ್ತಿ. ಎಷ್ಟು ಜನ ನೆಂಟರಿಗೆ ಅಕ್ಕಿ ಹಾಕ್ಲಿ?"

ಆದರೆ ಅವರು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಆ ಒಲೆ ಅವರಿಗೆ ಇಷ್ಟವಾಯಿತು. ಎಷ್ಟೋ ವರ್ಷಗಳಿಂದ ಹೊಗೆ ಕುಡಿದು ಕೆಂಪಗಾದ ಕಣ್ಣಿನಲ್ಲಿ ಆ ದಿನ ಒಂದು ಹನಿ ನೀರು ಬರಲಿಲ್ಲ. ಕೆಮ್ಮಲಿಲ್ಲ. ವಡೆ ಒಂದೇ ಹದದಲ್ಲಿ ಉಬ್ಬಿ ಬಂದವು. ಸುಂದರಿ ನೀರಿಗೆ ಹೋದ ಹೊತ್ತಿನಲ್ಲಿ ಅವರು ಉರಿಯ ತಿರುಪನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಹೇಳಿದ ಮಾತು ಕೇಳುವ ಬೆಂಕಿಯನ್ನು ಅವರು ಕಂಡದ್ದು ಅದೇ ಮೊದಲು.

ಆ ದಿನ ಕಾಗೆ ತಡವಾಗಿ ಬಂತು.

ಬ್ರಾಹ್ಮಣರ ಊಟವಾದ ಮೇಲೆ ಪಿಂಡದ ಅನ್ನವನ್ನೂ ವಡೆಯನ್ನೂ ಎಲೆಯ ಮೇಲಿಟ್ಟು ಹಿತ್ತಿಲಿನ ಕಲ್ಲಿನ ಮೇಲಿಟ್ಟರೆ, ಸುಬ್ಬಮ್ಮನ ಕಾಗೆ ಪ್ರತಿವರ್ಷ ಕಾದಿದ್ದಂತೆ ಇಳಿಯುತ್ತಿತ್ತು. ಆ ವರ್ಷ ಗಜಾನನ ಕೈಮುಗಿದು ಕೈಮುಗಿದು ಸೋತ. ಕೊನೆಗೆ ಬಂತು, ತಿಂದಿತು. ಎಲ್ಲರೂ ಉಸಿರುಬಿಟ್ಟರು. ಗೋದಾವರಮ್ಮನವರು ಮಾತ್ರ ಕಾಗೆ ಯಾಕೆ ಹಿಂದೆಮುಂದೆ ನೋಡಿತು ಎಂಬುದನ್ನು ಶೃಂಗೇರಿಗೆ ತಮ್ಮ ಜೊತೆಯಲ್ಲೇ ತೆಗೆದುಕೊಂಡು ಹೋದರು. ಹಬ್ಬದ ಹಾಗೆ ಸಂತೋಷದಿಂದ ಅಡುಗೆ ಮಾಡಿದ್ದು ತಪ್ಪಾಯಿತೇನೋ ಎಂದು ಮೊದಲು ತಮ್ಮ ಮೇಲೆಯೇ ಅನುಮಾನಪಟ್ಟರು.

ಅನುಮಾನಕ್ಕೆ ಬೇರೆ ದಾರಿ ಸಿಕ್ಕಿದ್ದು ಬಾಳೆಹೊನ್ನೂರಿನಿಂದ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನ ಇಬ್ಬರು ತೋಟದವರು ಗೋಬರ್ ಗ್ಯಾಸಿನ ಮಾತಾಡುತ್ತಿದ್ದರು. ಈಗೀಗ ಬರೀ ಸಗಣಿ ಹಾಕುವವನು ದಡ್ಡನಂತೆ. ಮನೆಯ ಪಾಯಿಖಾನೆಯ ಪೈಪನ್ನೂ ಗುಂಡಿಗೆ ಸೇರಿಸಿಬಿಟ್ಟರೆ ಉರಿ ಚೆನ್ನಾಗಿ ಬರುತ್ತದಂತೆ. ಬೆಂಕಿಗೆ ಯಾವುದಾದರೇನು ಎಂದು ಒಬ್ಬ ನಕ್ಕ, ಇನ್ನೊಬ್ಬನೂ ನಕ್ಕ. ಗೋದಾವರಮ್ಮನವರಿಗೆ ಅಡ್ಡಗದ್ದೆಯ ಹಿತ್ತಿಲು ನೆನಪಾಯಿತು. ಗಜಾನನ ಗುಂಡಿ ತೋಡಿಸಿದ ವರ್ಷವೇ ಹಿತ್ತಿಲಿನಲ್ಲಿ ಹೆಂಚು ಹಾಕಿದ ಹೊಸ ಪಾಯಿಖಾನೆಯನ್ನೂ ಕಟ್ಟಿಸಿದ್ದ. ಅವನ ಕೊಟ್ಟಿಗೆಯಲ್ಲಿ ಇದ್ದದ್ದು ನಾಲ್ಕೈದು ದನ. ಅಷ್ಟು ದನದ ಸಗಣಿಗೆ ಅಷ್ಟು ಉರಿ ಹೇಗೆ ಬಂತು?

ಹಾಗೇನಾದರೂ ಆಗಿದ್ದರೆ ಸುಬ್ಬಮ್ಮ ಆ ದಿನ ಎಲೆ ಬಿಟ್ಟು ಎದ್ದುಹೋಗಿದ್ದಾಳೆ. ನಂಬಿ ಉಣ್ಣುತ್ತೇನೆಂದವಳಿಗೆ ಗೋದಾವರಿ ಬಡಿಸಿದ್ದು ಅದು. ಆಮೇಲಿನ ದಿನಗಳಲ್ಲಿ ಅವರು ತಮ್ಮ ಕೈಯ ಅನ್ನವನ್ನೂ ಮೂಸಿ ನೋಡಿಯೇ ಉಣ್ಣತೊಡಗಿದರು.

ಮರುವರ್ಷದ ತಿಥಿಗೆ ಹೇಳಿಹೋಗಲು ಗಜಾನನ ಶೃಂಗೇರಿಗೆ ಬಂದ. ಗೋದಾವರಮ್ಮ ಅವನನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ನೇರವಾಗಿಯೇ ಕೇಳಿದರು. "ಗಜಾನನ, ನಿನ್ನ ಒಲೆಗೆ ಪೈಪು ಎಲ್ಲಿಂದ ಬರ್ತದೆ?"

"ಗುಂಡಿಯಿಂದ, ಗೋದತ್ತೆ."

"ಗುಂಡಿಗೆ?"

ಅವನು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ನಕ್ಕ. "ಎಂಥ ಗೋದತ್ತೆ, ಹೋದ ವರ್ಷ ಉರಿಯಲ್ಲಿ ನಿಮಗೇನಾದ್ರೂ ವಾಸನೆ ಬಂದಿತ್ತಾ?"

ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವವರನ್ನು ಗೋದಾವರಮ್ಮ ನಂಬುತ್ತಿರಲಿಲ್ಲ. ಇದೇ ಗಜಾನನ ಚಿಕ್ಕವನಿದ್ದಾಗ ತುಪ್ಪದ ಭರಣಿಗೆ ಕೈ ಹಾಕಿ ಸಿಕ್ಕಿಬಿದ್ದು, ಬೆಕ್ಕು ಬಂದಿತ್ತಾ ಎಂದು ಇದೇ ಮುಖ ಮಾಡಿ ಕೇಳಿದ್ದ.

ಎರಡು ದಿನ ಬಿಟ್ಟು ಅವರು ದರ್ಭೆ ಬೇಕೆಂಬ ನೆಪದಲ್ಲಿ ಅಡ್ಡಗದ್ದೆಗೇ ಹೋದರು. ಗಜಾನನ ಮನೆಯಲ್ಲಿರಲಿಲ್ಲ. ತ್ರಿಪುರಸುಂದರಿ ಒಳಗೆ ಕಾಫಿಗಿಟ್ಟ ಹೊತ್ತಿಗೆ ಅವರು ಹಿತ್ತಿಲಿಗಿಳಿದು, ಸೆರಗನ್ನು ಎತ್ತಿ ಕಟ್ಟಿ, ಗುಂಡಿಯನ್ನು ಒಂದು ಸುತ್ತು ಬಂದರು. ಕೊಟ್ಟಿಗೆಯ ಕಡೆಯಿಂದ ಸಗಣಿ ಕಲಸುವ ತೊಟ್ಟಿ, ಅಲ್ಲಿಂದ ಗುಂಡಿಗೆ ಒಂದು ಪೈಪು. ಅದು ಸರಿ. ಆದರೆ ಇನ್ನೊಂದು ಬದಿಯಲ್ಲಿ ನೆಲ ಸ್ವಲ್ಪ ಉಬ್ಬಿತ್ತು. ಆ ಉಬ್ಬಿನ ಗುಂಟ ನಡೆದರೆ ಮೇಲೆ ಒಂದು ಕಲ್ಲುಚಪ್ಪಡಿ, ಚಪ್ಪಡಿಗೆ ಮರೆಯಾಗಿ ಒಂದು ದಾಸವಾಳದ ಗಿಡ, ಗಿಡದಾಚೆಗೆ ನೆಟ್ಟಗೆ ಹೆಂಚಿನ ಪಾಯಿಖಾನೆ. ಪಾಯಿಖಾನೆಯ ಬಾಗಿಲಿಗೆ ಬೀಗ.

ಆ ಬೀಗವನ್ನು ಹೋದ ವರ್ಷವೂ ನೋಡಿದ್ದು ನೆನಪಾಯಿತು. ಪೇಟೆಯ ನೆಂಟರಿಗೆಂದು ಮೀಸಲಿಟ್ಟಿದ್ದಾರೆ ಎಂದು ಆಗ ಅಂದುಕೊಂಡಿದ್ದರು. ಈಗ ಅದೂ ಅನುಮಾನಕ್ಕೆ ಸೇರಿತು. ತಮಗೆ ಕಾಣಬಾರದ್ದು ಒಳಗೆ ಏನೋ ಇದೆ. ಇಲ್ಲದಿದ್ದರೆ ಪಾಯಿಖಾನೆಗೆ ಯಾರಾದರೂ ಬೀಗ ಹಾಕುತ್ತಾರೆಯೇ? ಅಲ್ಲೇನು ಕದಿಯುವುದಿದೆ?

ಕಾಫಿ ತಂದ ಸುಂದರಿಯನ್ನು ಆ ಕಲ್ಲುಚಪ್ಪಡಿ ಯಾತಕ್ಕೆ ಎಂದು ಕೇಳಿದರು. ಅವಳ ಮುಖ ಬಿಗಿಯಾಯಿತು. ಅದೆಲ್ಲ ಅವರ ವ್ಯವಹಾರ, ತನ್ನನ್ನು ಕೇಳಬೇಡಿ ಎಂದು ಹೇಳಿ ನೆಲ ನೋಡಿದಳು. ಯಾವತ್ತೂ ವಾಚಾಳಿಯಾದ ಹೆಂಗಸು ನೆಲ ನೋಡುವುದೆಂದರೆ ಏನರ್ಥ? ಗೋದಾವರಮ್ಮ ಕಾಫಿಯನ್ನು ಕುಡಿಯದೆ ಬಂದರು.

ಶ್ರಾದ್ಧ ಮಾಡಿಸುವ ಸೀತಾರಾಮ ಭಟ್ಟರ ಮನೆ ದಾರಿಯಲ್ಲೇ ಇತ್ತು. ಹೆಸರೆತ್ತದೆ ಅವರನ್ನೂ ಕೇಳಿ ನೋಡಿದರು. ಭಟ್ಟರು ಕಣ್ಣುಮುಚ್ಚಿ ಒಂದು ಶ್ಲೋಕ ಹೇಳಿ, ಅಗ್ನಿಗೆ ಮೈಲಿಗೆಯಿಲ್ಲ, ಅವನು ಮುಟ್ಟಿದ್ದೆಲ್ಲ ಶುದ್ಧ ಎಂದು ವಿವರಿಸಿದರು. ಮಾತು ಸಮಾಧಾನವಾಗಿಯೇ ಇತ್ತು. ಆದರೆ ಏಳುವಾಗ ಗೋದಾವರಮ್ಮನವರ ಕಣ್ಣು ಭಟ್ಟರ ಅಂಗಳದ ಮೂಲೆಗೆ ಬಿತ್ತು. ಅಲ್ಲಿ ಒಂದು ಲೋಡು ಇಟ್ಟಿಗೆ ಬಂದು ಬಿದ್ದಿತ್ತು. ಯಾತಕ್ಕೆಂದು ಕೇಳಿದರೆ, ನಾವೂ ಒಂದು ಗುಂಡಿ ಹಾಕಿಸಬೇಕು ಅಂತ ಎಂದು ಭಟ್ಟರು ಮೆಲ್ಲಗೆ ಹೇಳಿದರು. ಅಲ್ಲಿಗೆ ಶ್ಲೋಕದ ಬೆಲೆ ಅರ್ಧಕ್ಕಿಳಿಯಿತು.

ಇನ್ನು ಉಳಿದದ್ದು ಒಬ್ಬರೇ, ಆ ಗುಂಡಿಯನ್ನು ಕಟ್ಟಿದವರು. ನರಸಿಂಹರಾಜಪುರದ ಮಹಮ್ಮದ್ ಶಫಿ ಸಾಹೇಬರು ಆ ಕಾಲಕ್ಕೆ ಈ ಕಡೆಯ ಮೂರು ತಾಲ್ಲೂಕುಗಳಲ್ಲೂ ಗೋಬರ್ ಗ್ಯಾಸಿನ ಗುಂಡಿ ಕಟ್ಟುವುದರಲ್ಲಿ ಹೆಸರು ಮಾಡಿದ್ದ ಗಾರೆ ಮೇಸ್ತ್ರಿ. ನೆರೆತ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಒಬ್ಬ ಜಮೀನ್ದಾರರಿಗೆ ಮುಖದ ಮೇಲೆಯೇ, ನಿಮ್ಮ ಸಿಮೆಂಟು ಹಳೆಯದು, ಕಟ್ಟಿದರೆ ಸೋರುತ್ತದೆ ಎಂದು ಹೇಳಿ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದವರು ಎಂಬ ಕಥೆ ಇತ್ತು. ಅವರು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುವುದರ ಮೇಲೂ ಗೋದಾವರಮ್ಮನವರಿಗೆ ಅನುಮಾನವಿದ್ದೇ ಇತ್ತು. ಆದರೂ ಸಾಹೇಬರು ಕಮ್ಮರಡಿಯಲ್ಲಿ ಕೆಲಸ ಮಾಡಿಸುತ್ತಿದ್ದಾರೆಂದು ತಿಳಿದು ಬಸ್ಸು ಹತ್ತಿದರು.

ಶಫಿ ಸಾಹೇಬರು ಮಧ್ಯಾಹ್ನದ ನಮಾಜು ಮುಗಿಸಿ ಮರದ ಕೆಳಗೆ ಚಾಪೆ ಮಡಿಸುತ್ತಿದ್ದರು. ಮಡಿಸೀರೆಯ ವೃದ್ಧೆಯೊಬ್ಬರು ಬಿಸಿಲಲ್ಲಿ ತಮ್ಮನ್ನು ಹುಡುಕಿಕೊಂಡು ಬಂದದ್ದನ್ನು ನೋಡಿ ಅಂಗಿ ಹಾಕಿಕೊಂಡು, ಅವರಿಗೆ ಅಂತರ ಬಿಟ್ಟು ನಿಂತರು. ಗೋದಾವರಮ್ಮ ನೆರಳಿಗೂ ಸರಿಯದೆ ಕೇಳಿದರು.

"ಸಾಬ್ರೇ, ಅಡ್ಡಗದ್ದೆ ಗಜಾನನನ ಮನೆ ಗುಂಡಿ ಕಟ್ಟಿದ್ದು ನೀವೇ ಅಲ್ವಾ?"

"ಹೌದಮ್ಮ. ಸೋರ್ತಾ ಇದೆಯಾ?"

"ಸೋರೋ ಮಾತಲ್ಲ. ಅದರೊಳಗೆ ಎಷ್ಟು ಪೈಪು ಬಿಟ್ಟಿದ್ದೀರಿ?"

ಸಾಹೇಬರು ಗಡ್ಡದ ಮೇಲೆ ಕೈಯಾಡಿಸಿದರು. ಅದನ್ನು ಆ ಮನೆಯ ಯಜಮಾನರನ್ನೇ ಕೇಳಬೇಕು ಎಂದರು. ಕೇಳಿಯಾಯಿತು, ಅವನು ನಕ್ಕ ಎಂದು ಗೋದಾವರಮ್ಮ ಹೇಳಿದರು. ಸುಬ್ಬಮ್ಮನ ವಿಷಯ, ತಾವು ಕೊಟ್ಟ ಮಾತು, ತಡವಾಗಿ ಬಂದ ಕಾಗೆ, ಎಲ್ಲವನ್ನೂ ಹೇಳಿದರು. ಪರಪುರುಷನೊಬ್ಬನ ಮುಂದೆ ಅಷ್ಟು ಹೊತ್ತು ನಿಂತು ಅವರು ಮಾತಾಡಿದ್ದು ಆ ಜನ್ಮದಲ್ಲಿ ಅದೇ ಮೊದಲಿರಬೇಕು. ಸಾಹೇಬರು ತಲೆ ತಗ್ಗಿಸಿಕೊಂಡು ಕೇಳಿದರು.

"ಅಮ್ಮಾ, ಆ ಕೆಲಸದ ಬಗ್ಗೆ ಯಾರ ಹತ್ರಾನೂ ಆಡಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ. ನಿಮಗೊಂದು ಸುಳ್ಳು ಹೇಳಿ ಕಳಿಸೋದು ಸುಲಭ. ನೀವೂ ನೆಮ್ಮದಿಯಾಗಿ ಬಸ್ ಹತ್ತುತ್ತೀರಿ. ಆದ್ರೆ ಮೇಲೊಬ್ಬ ಕೇಳ್ಕೊಂಡಿದ್ದಾನಲ್ಲ, ಅವನಿಗೆ ಎಂಥ ಹೇಳೋದು?"

"ಹಾಗಾದ್ರೆ ಹೇಳಬಾರದ್ದು ಒಂದು ಇದೆ ಅಂತಾಯ್ತು."

"ಹೇಳಬಾರದ್ದೆಲ್ಲ ಕೆಟ್ಟದ್ದೇ ಆಗಬೇಕು ಅಂತಿಲ್ಲಮ್ಮ," ಎಂದರು ಸಾಹೇಬರು. ಅಷ್ಟೇ. ಚಾಪೆಯನ್ನು ಎತ್ತಿಕೊಂಡು ಕೆಲಸದ ಕಡೆಗೆ ಹೋದರು.

ಹಿಂತಿರುಗುವ ಬಸ್ಸಿನಲ್ಲಿ ಗೋದಾವರಮ್ಮನವರಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಗಂಡ ನಗುತ್ತಾನೆ, ಹೆಂಡತಿ ನೆಲ ನೋಡುತ್ತಾಳೆ, ಮೇಸ್ತ್ರಿ ಬಾಯಿ ಕಟ್ಟಿಕೊಂಡಿದ್ದಾನೆ. ಮಾರನೆಯ ದಿನವೇ ಸೀತಾರಾಮ ಭಟ್ಟರ ಮೂಲಕ ಅಡ್ಡಗದ್ದೆಗೆ ಹೇಳಿ ಕಳಿಸಿದರು. ಈ ಸಲ ತನ್ನ ಕೈಯಲ್ಲಿ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಹಾಗೆ ಹೇಳಿ ಕಳಿಸಿದ ಮೇಲೆ ಅವರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮಾಡಿದರೆ ಸುಬ್ಬಮ್ಮನಿಗೆ ಮೋಸ, ಮಾಡದಿದ್ದರೆ ಕೊಟ್ಟ ಮಾತಿಗೆ ಮೋಸ. ಹೂಬತ್ತಿ ಹೊಸೆಯಲು ಕುಳಿತರೆ ಎಳೆ ತುಂಡಾಗುತ್ತಿತ್ತು. ತಾವು ಆ ನೀಲಿ ಉರಿಯ ಚಂದಕ್ಕೆ ಮರುಳಾಗಿ, ಕೇಳಬೇಕಾದ ಪ್ರಶ್ನೆಯನ್ನು ಆಗಲೇ ಕೇಳದೆ ಹೋದದ್ದೇ ಇದಕ್ಕೆಲ್ಲ ಮೂಲ ಎಂದು ತಮ್ಮನ್ನೇ ಬೈದುಕೊಂಡರು. ನೀರನ್ನು ಮೂಸಿದ ಮೂಗು ಪೈಪನ್ನು ಯಾಕೆ ಬಿಟ್ಟಿತು?

ತಿಥಿಗೆ ನಾಲ್ಕು ದಿನವಿದೆ ಎನ್ನುವಾಗ ತ್ರಿಪುರಸುಂದರಿ ಬಸ್ಸಿಳಿದು ಓಣಿಯೊಳಗೆ ದಡದಡ ನಡೆದು ಬಂದಳು. ಕೊಟ್ಟ ನೀರನ್ನು ಗಟಗಟ ಕುಡಿದು ಲೋಟವನ್ನು ಕೆಳಗಿಟ್ಟಳು. ಈ ಸಲ ಅವಳು ನೆಲ ನೋಡಲಿಲ್ಲ.

"ಗೋದತ್ತೆ, ನೀವು ಬರಲ್ಲ ಅಂದದ್ದಕ್ಕೆ ಅವರು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಬಾಯಿ ಬಿಟ್ಟು ಹೇಳಿ ಅಂದ್ರೆ ಹೇಳಲ್ಲ. ಮರ್ಯಾದೆ ಅಂತೆ, ಮರ್ಯಾದೆ. ನಾನು ಹೇಳ್ತೀನಿ, ಕೇಳಿ. ಪಾಯಿಖಾನೆ ಪೈಪು ಗುಂಡಿಗೆ ಸೇರಿಸಿದ್ದು ಹೌದು."

ಗೋದಾವರಮ್ಮ ಕಂಬವನ್ನು ಹಿಡಿದುಕೊಂಡರು.

"ತಡೀರಿ, ಮುಗೀಲಿಲ್ಲ. ಅತ್ತೆ ತಿಥಿಗೆ ಒಂದು ತಿಂಗಳು ಮುಂಚೆ, ಪುಷ್ಯದ ಹುಣ್ಣಿಮೆ ದಿನ, ಅದಕ್ಕೆ ಬಿರಡೆ ಹಾಕಿ ಮುಚ್ಚಿಬಿಡ್ತಾರೆ. ಆ ಚಪ್ಪಡಿ ಕೆಳಗೆ. ಸಾಬ್ರ ಹತ್ರ ಹೇಳಿ ಮೊದಲೇ ಮಾಡ್ಸಿಟ್ಟಿದ್ದಾರೆ. ಹೋದ ವರ್ಷವೂ ಹಾಕಿದ್ರು, ಈ ವರ್ಷವೂ ಹಾಕಿದ್ದಾರೆ. ಬಾಗಿಲಿಗೆ ಬೀಗ ಯಾಕೆ ಅಂದ್ಕೊಂಡ್ರಿ? ತಿಂಗಳಿಡೀ ಚೊಂಬು ಹಿಡ್ಕೊಂಡು ಗುಡ್ಡ ಹತ್ತೋಳು ನಾನು. ಹೆಂಚು ಹಾಕಿದ ಪಾಯಿಖಾನೆ ಮನೇಲಿಟ್ಕೊಂಡು ಲಂಟಾನ ಪೊದೆ ಹಿಂದೆ ಕೂರೋ ಹಣೆಬರಹ ಈ ತಾಲ್ಲೂಕಲ್ಲಿ ಬೇರೆ ಯಾರಿಗಿದೆ ಹೇಳಿ?"

ಗೋದಾವರಮ್ಮ ಕಂಬವನ್ನು ಬಿಟ್ಟು ಕೆಳಗೆ ಕುಳಿತರು. ಗಜಾನನನೂ ಗುಡ್ಡಕ್ಕೆ ಹೋಗುತ್ತಾನೆಯೇ ಎಂದು ಕೇಳಿದರು.

"ಎಲ್ಲರಿಗಿಂತ ಮುಂಚೆ. ಮಂಜು ಬಿಡೋಕೆ ಮೊದಲು, ಯಾರೂ ಕಾಣದ ಹಾಗೆ," ಎಂದಳು ಸುಂದರಿ. "ಸೊಸೈಟಿಯಲ್ಲಿ ಭಾಷಣ ಮಾಡಿದವ್ರಲ್ವಾ? ಬಿರಡೆ ಸಂಗತಿ ಗೊತ್ತಾದ್ರೆ ಆ ಕಡೆಯವ್ರು ನಗ್ತಾರೆ. ಪೈಪಿನ ಸಂಗತಿ ಗೊತ್ತಾದ್ರೆ ಈ ಕಡೆಯವ್ರು ಊಟಕ್ಕೆ ಬರಲ್ಲ. ಮಧ್ಯ ನಾನು, ಚೊಂಬು."

ಗೋದಾವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ ಅಳುವೋ ಅವರಿಗೇ ಗೊತ್ತಾಗಲಿಲ್ಲ. ಅನುಮಾನದ ಬುತ್ತಿಯಲ್ಲಿ ಅವರು ಕಟ್ಟಿಕೊಂಡಿದ್ದದ್ದೆಲ್ಲ ಒಂದೊಂದಾಗಿ ತಿರುಗಿ ಬೇರೆಯೇ ಮುಖ ತೋರಿಸುತ್ತಿತ್ತು. ಬೀಗ, ಚಪ್ಪಡಿ, ಸಾಹೇಬರ ಕೊನೆಯ ಮಾತು. ದೇವರ ಮುಂದೆ ಕೂಡ ವಾಚು ನೋಡಿಕೊಳ್ಳುವ ಗಜಾನನ, ಅಮ್ಮನ ಎಲೆಗೆ ಒಂದು ಕೂದಲು ಬೀಳಬಾರದೆಂದು ಮಂಜಿನಲ್ಲಿ ಗುಡ್ಡ ಹತ್ತುತ್ತಿದ್ದ. ಅದನ್ನು ತುಪ್ಪ ಕದ್ದವನ ಹಾಗೆ ಮುಚ್ಚಿಟ್ಟಿದ್ದ.

ಆದರೂ ಗೋದಾವರಮ್ಮನವರು ಗೋದಾವರಮ್ಮನವರೇ. ತಿಥಿಯ ಹಿಂದಿನ ಸಂಜೆ ಅಡ್ಡಗದ್ದೆಗೆ ಹೋದವರು ಕೈಕಾಲು ತೊಳೆಯುವ ಮೊದಲೇ ಚಪ್ಪಡಿ ತೆಗೆಸೆಂದರು. ಗಜಾನನ ಕಿವಿಯವರೆಗೆ ಕೆಂಪಾಗಿ, ಆಳನ್ನು ಕರೆಯದೆ ತಾನೇ ಬಗ್ಗಿ ಚಪ್ಪಡಿಯನ್ನು ಸರಿಸಿದ. ಕೆಳಗೆ ಇಟ್ಟಿಗೆಯ ಚಿಕ್ಕ ತೊಟ್ಟಿ. ಅದರೊಳಗೆ ಪೈಪಿನ ಬಾಯಿಗೆ ಹಲಸಿನ ಮರದ ದಪ್ಪ ಬಿರಡೆ, ಸುತ್ತಲೂ ತೆಂಗಿನ ನಾರು ಸುತ್ತಿ ಜೇಡಿಮಣ್ಣು ಮೆತ್ತಿತ್ತು. ಮಣ್ಣು ಒಣಗಿ ಬಿರುಕುಬಿಟ್ಟಿತ್ತು. ಈಚೆಗೆ ಮುಟ್ಟಿದ ಗುರುತಿರಲಿಲ್ಲ. ಗೋದಾವರಮ್ಮ ಬಗ್ಗಿ ಬಹಳ ಹೊತ್ತು ನೋಡಿದರು.

"ಗುಂಡಿಯೊಳಗೆ ಮೊದಲೇ ಸೇರಿದ್ದು?"

"ತಿಂಗಳಲ್ಲಿ ಹೊಸ ಸಗಣಿ ಅದನ್ನ ಹೊರಗೆ ತಳ್ತದಂತೆ, ಗೋದತ್ತೆ. ಸಾಬ್ರು ಹೇಳಿದ್ರು."

"ಎಲ್ಲಾನೂ?"

ಗಜಾನನ ಈ ಸಲ ನಗಲಿಲ್ಲ. "ನನಗೆ ತಿಳಿದಷ್ಟು ನಾನು ಮಾಡಿದ್ದೀನಿ. ಅದರ ಮೇಲಿನದ್ದು ಅಮ್ಮನಿಗೆ ಬಿಟ್ಟಿದ್ದು."

ಗೋದಾವರಮ್ಮ ಚಪ್ಪಡಿಯನ್ನು ಮುಚ್ಚೆಂದು ಹೇಳಿ ಕೈಕಾಲು ತೊಳೆಯಲು ಹೋದರು. ಬಿ.ಎಸ್ಸಿ. ಓದಿದವನೊಬ್ಬ ತನಗೆ ತಿಳಿಯದ್ದು ಇದೆ ಎಂದು ಹೇಳಿದ್ದೇ ಅವರಿಗೆ ಸಾಕಾಯಿತು.

ಮರುದಿನ ಅವರು ಅದೇ ಕಬ್ಬಿಣದ ಒಲೆಗೆ ರಂಗೋಲಿ ಹಾಕಿ ಅಡುಗೆ ಮಾಡಿದರು. ಗೋಧಿ ಪಾಯಸ, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ವಡೆ, ಎಲ್ಲವೂ ನೀಲಿ ಉರಿಯಲ್ಲೇ ಆಯಿತು. ಪಿಂಡದ ಅನ್ನವನ್ನು ಮಾತ್ರ ಅದರಲ್ಲಿ ಮಾಡಲಿಲ್ಲ. ಅಂಗಳದ ಮೂಲೆಯನ್ನು ಸಾರಿಸಿ, ಮೂರು ಕಲ್ಲು ಹೂಡಿ, ಒಣಸೌದೆಯಿಟ್ಟು, ಹೊಗೆಯಲ್ಲಿ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಅದೊಂದನ್ನು ಬೇರೆಯಾಗಿ ಬೇಯಿಸಿದರು. ಸುಂದರಿ ಬಂದು, ಎಲ್ಲಾ ನೋಡಿಯಾಯ್ತಲ್ಲ ಗೋದತ್ತೆ, ಇನ್ನೂ ನಂಬಿಕೆ ಬರ್ಲಿಲ್ವಾ ಎಂದು ಕೇಳಿದಳು.

"ನಂಬಿದ್ದೀನಿ ಮಾರಾಯ್ತಿ," ಎಂದರು ಗೋದಾವರಮ್ಮ. "ಆದ್ರೂ ಒಂದು ಇರ್ಲಿ. ಅವಳು ಸುಬ್ಬಮ್ಮ."

ಶ್ರಾದ್ಧ ಮುಗಿಯಿತು. ಸೀತಾರಾಮ ಭಟ್ಟರು ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡರು. ಗಜಾನನ ಒದ್ದೆ ಪಂಚೆಯಲ್ಲೇ ಎಲೆಯನ್ನು ತಂದು ಹಿತ್ತಿಲಿನ ಕಲ್ಲಿನ ಮೇಲಿಟ್ಟ. ಎಲೆಯ ಒಂದು ಬದಿಗೆ ಸೌದೆಯ ಉರಿಯಲ್ಲಿ ಬೆಂದ ಅನ್ನ, ಇನ್ನೊಂದು ಬದಿಗೆ ಗ್ಯಾಸಿನ ಉರಿಯಲ್ಲಿ ಬೆಂದ ವಡೆ. ಅವನು ಹಿಂದೆ ಸರಿದು ಕೈಮುಗಿದು ನಿಂತ. ಗೋದಾವರಮ್ಮ ಹಿಂಬಾಗಿಲ ಸಂದಿಯಲ್ಲಿ ಒಂದೇ ಕಣ್ಣಿಟ್ಟು ನೋಡುತ್ತಿದ್ದರು. ಅವರ ಬೆನ್ನಿಗೆ ಸುಂದರಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಕಾಗೆ ಬಂತು. ಕಾಯಿಸಲಿಲ್ಲ. ಕಲ್ಲಿನ ಅಂಚಿನಲ್ಲಿಳಿದು, ಕತ್ತನ್ನು ಆ ಕಡೆ ಈ ಕಡೆ ವಾರೆ ಮಾಡಿ, ಎಲೆಯನ್ನು ಅನುಮಾನದಿಂದ ನೋಡಿತು. ಒಂದು ಸಲ ಕುಪ್ಪಳಿಸಿ ಎಲೆಯ ಸುತ್ತ ಬಂತು. ಅನ್ನದ ಹತ್ತಿರ ಕೊಕ್ಕು ತಂದು ತಡೆಯಿತು. ಆಮೇಲೆ ಅದನ್ನು ಬಿಟ್ಟು ಈ ಬದಿಗೆ ತಿರುಗಿ, ದೊಡ್ಡದೊಂದು ವಡೆಯನ್ನು ಕಚ್ಚಿಕೊಂಡು ದಾಸವಾಳದ ಗಿಡದ ಮೇಲೆ ಹೋಗಿ ಕುಳಿತು ತಿನ್ನತೊಡಗಿತು. ತಿಂದು ಮುಗಿಸಿ ಮತ್ತೆ ಬಂದು ಅನ್ನವನ್ನೂ ತಿಂದಿತು.

ಗಜಾನನ ನೆಲಕ್ಕೆ ಅಡ್ಡಬಿದ್ದ. ಗೋದಾವರಮ್ಮ ಬಾಗಿಲ ಸಂದಿಯಿಂದ ಕಣ್ಣು ತೆಗೆಯದೆಯೇ ಹೇಳಿದರು.

"ಅವಳದ್ದು ಮೊದಲಿಂದ್ಲೂ ಹಾಗೇ. ಅನ್ನಕ್ಕಿಂತ ವಡೆ ಮುಂಚೆ ಆಗಬೇಕು."

ಮಾರನೆಯ ಬೆಳಗ್ಗೆ ಅವರು ಹೊರಡುವ ಮುನ್ನ ಗ್ಯಾಸಿನ ಒಲೆಯಲ್ಲಿ ತಮ್ಮ ಕಾಫಿಗೆ ತಾವೇ ನೀರಿಟ್ಟುಕೊಂಡರು. ಕಡ್ಡಿ ಗೀರುವುದಕ್ಕೆ ಮುಂಚೆ ಸುಂದರಿಯನ್ನು ಕರೆದು ಬಿರಡೆ ಇನ್ನೂ ಹಾಕಿದ್ದು ಹಾಕಿದ ಹಾಗೇ ಇದೆಯೇ ಎಂದು ನೋಡಿಕೊಂಡು ಬರಲು ಹೇಳಿದರು. ಸುಂದರಿ ಗೊಣಗುತ್ತ ಹಿತ್ತಿಲಿಗೆ ಹೋದಳು. ಅವಳು ಬರುವಷ್ಟರಲ್ಲಿ ಗೋದಾವರಮ್ಮ ತಿರುಪನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡುತ್ತಿದ್ದರು.